ಸೈಕಲ್ ಸವಾರಿ ಮತ್ತು ಉಡುಪು

ಸೈಕಲ್ಲೇರಲು ಮೈಗಂಟುವ ವಿಶೇಷ ಉಡುಪು ಬೇಕೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಕೋಪನ್‌ಹೇಗನ್ನಿನಲ್ಲಿ ಸೂಟು ಧರಿಸಿದವರೂ, ಎತ್ತರದ ಹಿಮ್ಮಡಿಯ ಪಾದರಕ್ಷೆ ತೊಟ್ಟ ಮಹಿಳೆಯರೂ ಸೈಕಲ್ಲಿನಲ್ಲಿಯೇ ಕಚೇರಿಗೆ ತೆರಳುತ್ತಾರೆ. ಆ ನಗರದ ನಾಗರಿಕರನ್ನು ಹದಿನಾಲ್ಕು ವರ್ಷಗಳಿಗೂ ಮಿಕ್ಕಿ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕೆಲಸಕ್ಕೆ ಹೋಗುವವರ ಮರಣದ ಸಂಭವ ಉಳಿದವರಿಗಿಂತ ಸುಮಾರು ಶೇಕಡಾ 28ರಷ್ಟು ಕಡಿಮೆಯೆಂದು ಕಂಡುಬಂದಿತು. ಅಲ್ಪ ತೂಕಕ್ಕೇ ಮಧುಮೇಹಕ್ಕೆ ತುತ್ತಾಗುವ ನಮ್ಮವರು ಇದನ್ನು ಲಘುವಾಗಿ ಪರಿಗಣಿಸಲಾಗದು.

ಬೆವರಿನ ಗತಿಯೇನು? ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿ ಪರಿಣಮಿಸುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿಯಾದರೋ ವೇಗದ ಘನದಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಅದು ಎಂಟು ಪಟ್ಟು. ಆದುದರಿಂದ ಗಂಟೆಗೆ 15 ಕಿಲೋಮೀಟರ್ ಸಾಕು. ಇಸ್ತ್ರಿಯ ಅಂಗಿಗೂ ಕೇಡಿಲ್ಲ.

ಉಡುಪಿನ ಜಗಳ ಹಳೆಯದು. ಅಗಲವಾದ ಸವಾರಿ ಷರಾಯಿ ತೊಟ್ಟು ಬಂದ ಲೇಡಿ ಹಾರ್ಬರ್ಟನ್ ಅವರಿಗೆ 1898ರಲ್ಲಿ ಇಂಗ್ಲೆಂಡಿನ ಹೋಟೆಲೊಂದು ಕಾಫಿ ಕೊಠಡಿಯ ಪ್ರವೇಶ ನಿರಾಕರಿಸಿತು. ಮರುವರ್ಷ ನ್ಯಾಯಾಲಯದಲ್ಲಿಯೂ ಅವರ ಪಕ್ಷ ಸೋತಿತು. ಡಚ್ಚರು ಬಟ್ಟೆಯನ್ನು ಬದಲಿಸದೆ ಸೈಕಲ್ಲನ್ನೇ ತಿದ್ದಿದರು: ಸರಪಳಿಗೆ ಪೂರ್ಣ ಕವಚ, ಲಂಗ ಸಿಲುಕದಂತೆ ಹಿಂಚಕ್ರಕ್ಕೆ ಮರೆ, ಬೆನ್ನು ನೆಟ್ಟಗಿರುವ ಹಿಡಿ. ನಮ್ಮ ತಂದೆಯವರ ಕಾಲದ ಪ್ಯಾಂಟಿನ ಕ್ಲಿಪ್ಪೂ ಇದೇ ಜಾಣ್ಮೆಯದು. ಶಿರಸ್ತ್ರಾಣದ ವಿಷಯದಲ್ಲಿ ಮಾತ್ರ, ವೈದ್ಯನಾದ ನಾನು ಅಂದದ ವಾದವನ್ನು ಒಪ್ಪಲಾರೆ.