ಗಾಳಿ ಹಳಸುತ್ತದೆಯೇ?

ದುಬೈನಲ್ಲಿರುವ ಓದುಗರೊಬ್ಬರು ಕೇಳಿದ್ದಾರೆ: "ಕಳೆದ ಚಳಿಗಾಲದಲ್ಲಿ ತುಂಬಿಸಿದ ಸ್ಕೂಬಾ ಟ್ಯಾಂಕ್ ಹಾಗೆಯೇ ಸ್ಟೋರ್ ರೂಮಿನಲ್ಲಿ ಉಳಿದಿದೆ. ಈಗ ಗೆಳೆಯರೆಲ್ಲ ಫುಜೈರಾದ ದಿಬ್ಬಾಕ್ಕೆ ಡೈವಿಂಗ್‌ಗೆ ಹೊರಟಿದ್ದೇವೆ. ಹತ್ತು ತಿಂಗಳ ಹಳೆಯ ಗಾಳಿ ಹಳಸಿರುತ್ತದೆಯೇ?"

ಅನ್ನ ಹಳಸುತ್ತದೆ, ಸಾರು ಹಳಸುತ್ತದೆ. ಅವುಗಳಲ್ಲಿ ಸೂಕ್ಷ್ಮಜೀವಿಗಳಿಗೆ ಆಹಾರವಿದೆ. ಒಣಗಾಳಿಯಲ್ಲಿ ಅಂಥದ್ದೇನೂ ಇಲ್ಲ. ಪತ್ರಿಕೆಗಳಲ್ಲಿ 'ಆಕ್ಸಿಜನ್ ಸಿಲಿಂಡರ್ ಹೊತ್ತು ಸಮುದ್ರಕ್ಕಿಳಿದರು' ಎಂದು ಬರೆಯುತ್ತಾರಲ್ಲ, ಅದು ತಪ್ಪು. ಶುದ್ಧ ಆಕ್ಸಿಜನ್ ಉಸಿರಾಡುತ್ತಾ ಆರು ಮೀಟರಿಗಿಂತ ಕೆಳಗಿಳಿದರೆ ಫಿಟ್ಸ್ ಬರುವ ಅಪಾಯವಿದೆ. ಸಾಮಾನ್ಯ ಸ್ಕೂಬಾ ಟ್ಯಾಂಕಿನಲ್ಲಿರುವುದು ನಾವೀಗ ಉಸಿರಾಡುತ್ತಿರುವ ಗಾಳಿಯೇ: ಶೇ. 78 ನೈಟ್ರೋಜನ್, ಶೇ. 21 ಆಕ್ಸಿಜನ್, ಶೇ. 1ರಷ್ಟು ಆರ್ಗಾನ್. ಇವು ಹತ್ತು ವರ್ಷ ಒಟ್ಟಿಗಿದ್ದರೂ ಒಂದನ್ನೊಂದು ಕೆಡಿಸುವುದಿಲ್ಲ. ಭಾರದ್ದು ತಳಕ್ಕೆ, ಹಗುರದ್ದು ಮೇಲಕ್ಕೆ ಎಂದು ಬೇರೆಯಾಗುವುದೂ ಇಲ್ಲ.

ಹಾಗಾದರೆ ನಿಶ್ಚಿಂತೆಯೇ? ಮಲೆನಾಡಿನ ಮನೆಗಳ ಅಪ್ಪೆಮಿಡಿ ಭರಣಿಯನ್ನು ನೆನಪಿಸಿಕೊಳ್ಳಿ. ಮೂರು ವರ್ಷದ ಹಳೆಯ ಮಿಡಿಯನ್ನು ಅಜ್ಜಿ ಹೆಮ್ಮೆಯಿಂದ ಬಡಿಸುತ್ತಾಳೆ. ವಯಸ್ಸು ಅದನ್ನು ಕೆಡಿಸಿಲ್ಲ. ಅವಳ ಹೆದರಿಕೆಯೆಲ್ಲ ಎರಡೇ ವಿಷಯಕ್ಕೆ. ಭರಣಿಯನ್ನು ಬಿಸಿಲಿಗಿಟ್ಟು ಸರಿಯಾಗಿ ಒಣಗಿಸಿದ್ದೆವೋ ಇಲ್ಲವೋ ಎನ್ನುವುದು ಒಂದು; ಯಾರಾದರೂ ಒದ್ದೆ ಸೌಟು ಅದ್ದಿಬಿಟ್ಟರೋ ಎನ್ನುವುದು ಇನ್ನೊಂದು. ಟ್ಯಾಂಕಿನ ಕಥೆಯೂ ಅಕ್ಷರಶಃ ಇದೇ. ನೀರಿನ ಪಸೆ ಒಳಗೆ ಹೋಯಿತೇ, ತುಂಬುವಾಗ ಏನು ಸೇರಿತು, ಇವೆರಡನ್ನೇ ಕೇಳಬೇಕು.

ಮೊದಲು ಪಸೆ. ಉಕ್ಕಿನ ಟ್ಯಾಂಕಿನೊಳಗೆ ಸ್ವಲ್ಪ ಸಮುದ್ರದ ನೀರು ಸೇರಿದ್ದರೆ ತುಕ್ಕು ಹಿಡಿಯುತ್ತದೆ, ತುಕ್ಕು ಆಕ್ಸಿಜನ್ನನ್ನು ತಿನ್ನುತ್ತದೆ. 12 ಲೀಟರಿನ ಟ್ಯಾಂಕಿಗೆ 200 ಬಾರ್ ಒತ್ತಡದಲ್ಲಿ ಸುಮಾರು 2,400 ಲೀಟರ್ ಗಾಳಿ ಹಿಡಿಯುತ್ತದೆ. ಅದರಲ್ಲಿ ಆಕ್ಸಿಜನ್ 670 ಗ್ರಾಂ ಆಸುಪಾಸು. ಅದು ಶೇ. 21ರಿಂದ 10ಕ್ಕೆ ಇಳಿಯಬೇಕಾದರೆ 900 ಗ್ರಾಂ ಕಬ್ಬಿಣ ತುಕ್ಕಾಗಬೇಕು. ಬಹಳವೇ ಆಯಿತು. ಆದರೆ ಅದೇ ಟ್ಯಾಂಕಿನಲ್ಲಿ ಡೈವ್ ಮುಗಿಸಿ ಉಳಿಸಿದ 30 ಬಾರ್ ಮಾತ್ರ ಇದ್ದರೆ 135 ಗ್ರಾಂ ಕಬ್ಬಿಣ ಸಾಕು! ತುಂಬಿದ ಟ್ಯಾಂಕಿಗಿಂತ ಮೂಲೆಯಲ್ಲಿ ಮರೆತ ಅರೆಬರೆ ಟ್ಯಾಂಕನ್ನೇ ನಾನು ಹೆಚ್ಚು ಅನುಮಾನಿಸುವುದು ಇದಕ್ಕೇ. ಆಕ್ಸಿಜನ್ ಕಡಿಮೆಯಾದಾಗ ಉಸಿರುಗಟ್ಟಿದ ಅನುಭವವೂ ಆಗುವುದಿಲ್ಲ. ಉಸಿರಿಗಾಗಿ ಒದ್ದಾಡುವಂತೆ ಮಾಡುವುದು ಮುಖ್ಯವಾಗಿ ದೇಹದಲ್ಲಿ ಸೇರಿಕೊಳ್ಳುವ ಕಾರ್ಬನ್ ಡೈಆಕ್ಸೈಡ್. ಅದು ಹೊರಹೋಗುತ್ತಲೇ ಇದ್ದರೆ ಮನುಷ್ಯ ಸದ್ದಿಲ್ಲದೆ ಕುಸಿಯುತ್ತಾನೆ. ಪಾಳುಬಾವಿಗೆ ಇಳಿಯುವ ಮುನ್ನ ನಮ್ಮ ಹಿರಿಯರು ದೀಪ ಇಳಿಸಿ, ಅದು ಆರುತ್ತದೆಯೇ ಎಂದು ನೋಡುತ್ತಿದ್ದುದು ಈ ಸದ್ದಿಲ್ಲದ ಅಪಾಯಕ್ಕೇ. ಅಲ್ಯೂಮಿನಿಯಂ ಟ್ಯಾಂಕಿನಲ್ಲಿ ಈ ಭಯ ಬಹಳ ಕಡಿಮೆ. ಅದರ ಮೇಲೆ ಕೂಡುವ ಆಕ್ಸೈಡ್ ಪದರವೇ ಲೋಹವನ್ನು ಕಾಯುತ್ತದೆ.

ಇನ್ನು ಒದ್ದೆ ಸೌಟಿನ ವಿಷಯ. ಕೊಲ್ಲಿಯ ಬೇಸಿಗೆಗೆ ಇಲ್ಲಿ ದೊಡ್ಡ ಪಾತ್ರವಿದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. 40 ಡಿಗ್ರಿಯಲ್ಲಿ 51 ಗ್ರಾಂ. ಕಂಪ್ರೆಸರಿನ ಫಿಲ್ಟರ್ ಮೂರು ಪಟ್ಟು ತೇವ ಹೀರಬೇಕು, ಅಂದರೆ ಅಷ್ಟೇ ಬೇಗ ಸೋಲುತ್ತದೆ. ಆ ಫಿಲ್ಟರಿನಲ್ಲಿ ಹಾಪ್ಕಲೈಟ್ ಎಂಬ ಪದಾರ್ಥವೂ ಇರುವುದುಂಟು. ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡುಗಳ ಈ ಮಿಶ್ರಣ ಮೊದಲ ಮಹಾಯುದ್ಧದ ಕಾಲದ್ದು. ಜಾನ್ಸ್ ಹಾಪ್ಕಿನ್ಸ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಹೆಸರು ಬೆರೆತು ಅದರ ಹೆಸರಾಯಿತು. ವಿಷಕಾರಿ ಕಾರ್ಬನ್ ಮಾನಾಕ್ಸೈಡನ್ನು ಅದು ಕಾರ್ಬನ್ ಡೈಆಕ್ಸೈಡ್ ಆಗಿಸುತ್ತದೆ. ತೇವ ತಗುಲಿದರೆ ಮಾತ್ರ ಕೆಲಸ ನಿಲ್ಲಿಸಿಬಿಡುತ್ತದೆ. ಕಂಪ್ರೆಸರ್ ಗಾಳಿ ಎಳೆಯುವ ಕೊಳವೆಯ ಪಕ್ಕದಲ್ಲೇ ಜನರೇಟರ್ ಹೊಗೆ ಉಗುಳುತ್ತಿದ್ದರೆ, ಅಥವಾ ಕಾದ ಕಂಪ್ರೆಸರಿನಲ್ಲಿ ಎಣ್ಣೆ ಕರಟಿದರೆ, ಮಾನಾಕ್ಸೈಡ್ ನೇರ ಟ್ಯಾಂಕಿಗೆ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ.

ಈ ಅನಿಲದ ಗುಟ್ಟು ಬಿಡಿಸಿದವರಲ್ಲಿ ನನಗೆ ಅಚ್ಚುಮೆಚ್ಚಿನವರು ಜಾನ್ ಸ್ಕಾಟ್ ಹಾಲ್ಡೇನ್. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್ನಿಗಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. 1895ರಲ್ಲಿ ಅವರು ಒಂದು ಇಲಿಯನ್ನು ಎರಡು ವಾತಾವರಣದ ಒತ್ತಡದ ಆಕ್ಸಿಜನ್ನಿನಲ್ಲಿಟ್ಟು ಅದಕ್ಕೆ ಈ ವಿಷವನ್ನು ಬೆರೆಸಿದರು. ಇಲಿ ಬದುಕಿತು! ಹಿಮೋಗ್ಲೋಬಿನ್ ಕೆಲಸಕ್ಕೆ ಬಾರದಿದ್ದರೂ, ಒತ್ತಡದಿಂದ ರಕ್ತದ ದ್ರವದಲ್ಲೇ ಕರಗಿದ ಆಕ್ಸಿಜನ್ ಅದರ ಜೀವ ಹಿಡಿದಿಟ್ಟಿತು. ಒತ್ತಡ ಇಳಿಸಿದರೆ ಆ ಆಸರೆ ತಪ್ಪುತ್ತದೆ.

ಡೈವರ್‌ನ ಸ್ಥಿತಿ ಆ ಇಲಿಗೆ ಹತ್ತಿರದ್ದು. 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟು. ದುಬೈನ ನದ್ ಅಲ್ ಶೆಬಾದಲ್ಲಿ 2021ರಲ್ಲಿ ತೆರೆದ ಡೀಪ್ ಡೈವ್ ದುಬೈನ ಕೊಳದ 60 ಮೀಟರ್ ತಳದಲ್ಲಿ ಸುಮಾರು ಏಳು ಪಟ್ಟು. ಟ್ಯಾಂಕಿನಲ್ಲಿ ಹತ್ತು ಲಕ್ಷಕ್ಕೆ 10 ಭಾಗ ಮಾನಾಕ್ಸೈಡ್ ಇದ್ದರೆ 30 ಮೀಟರ್ ಆಳದಲ್ಲಿ ಅದರ ಒತ್ತಡ ಮೇಲಿನ 40 ಭಾಗಕ್ಕೆ ಸಮ. ಯುರೋಪಿನ ಉಸಿರಾಟದ ಗಾಳಿಯ ಮಾನದಂಡ 5 ಭಾಗಕ್ಕೇ ಗೆರೆ ಎಳೆದಿರುವುದು ಸುಮ್ಮನೆ ಅಲ್ಲ. ಆಳದಲ್ಲಿ ಆಕ್ಸಿಜನ್ನಿನ ಒತ್ತಡವೂ ಏರಿರುವುದರಿಂದ ವಿಷ ಸ್ವಲ್ಪ ಮಟ್ಟಿಗೆ ಮರೆಯಾಗಿರುತ್ತದೆ. ಮೇಲೇರುತ್ತಾ ಬಂದ ಹಾಗೆ ಆ ಮರೆ ಕರಗುತ್ತದೆ.

ಓದುಗರಿಗೆ ನನ್ನ ಉತ್ತರ ಹೀಗೆ. ಗಾಳಿ ತಾನಾಗಿ ಹಳಸಿಲ್ಲ, ಆದರೆ ಒಳಗೆ ಏನು ಸೇರಿದೆಯೋ ಗೊತ್ತಿಲ್ಲ; ಹಾಗಾಗಿ ಆ ಗಾಳಿಯನ್ನು ಉಸಿರಾಡಬೇಡಿ. ವಾಲ್ವನ್ನು ನಿಧಾನವಾಗಿ ತೆರೆದು ಖಾಲಿ ಮಾಡಿ. ಟ್ಯಾಂಕಿನ ಭುಜದ ಮೇಲೆ ಒತ್ತಿರುವ ಒತ್ತಡ ಪರೀಕ್ಷೆಯ ತಾರೀಖು ನೋಡಿ, ವಾಲ್ವ್ ಬಿಚ್ಚಿಸಿ ಒಳಗೆ ಬೆಳಕು ಹಾಯಿಸಿ ನೋಡಲು ಡೈವ್ ಸೆಂಟರಿನವರಿಗೆ ಹೇಳಿ. ಹೊಸದಾಗಿ ತುಂಬಿಸಿದ ಮೇಲೆ ಆಕ್ಸಿಜನ್ ಅಳೆಸಿ. ನೈಟ್ರಾಕ್ಸ್ (ಆಕ್ಸಿಜನ್ ಪ್ರಮಾಣ ಹೆಚ್ಚಿಸಿದ ಗಾಳಿ) ತುಂಬುವ ಕಡೆಗಳಲ್ಲಿ ಆ ಉಪಕರಣ ಇದ್ದೇ ಇರುತ್ತದೆ. 20.9 ತೋರಿಸಬೇಕು. ಮಾನಾಕ್ಸೈಡ್ ಅಳೆಯುವ ಉಪಕರಣವೂ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಫುಜೈರಾಕ್ಕೆ ಹೋಗುವ ದಾರಿಯಲ್ಲಿ ಟ್ಯಾಂಕನ್ನು ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಇಳಿಯಬೇಡಿ: 25 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು 65 ಡಿಗ್ರಿಯಲ್ಲಿ 227 ಆಗಿರುತ್ತದೆ.