ಕಾರ್ನಿಯದ ಮೇಲಣ ಲೇಸರ್ ಶಸ್ತ್ರಕ್ರಿಯೆ: ನಿರ್ಧಾರಕ್ಕೆ ಮುನ್ನ ಕೆಲವು ಲೆಕ್ಕಗಳು

ಪದವಿ ತರಗತಿಗಳಲ್ಲಿ ಬೆಳಕಿನ ಶಾಸ್ತ್ರದ ಪಾಠಗಳು ಮುಗಿಯುವ ಹೊತ್ತಿಗೆ, ಕಣ್ಣನ್ನು ಒಂದು ಉಪಕರಣವೆಂದು ಬಗೆದು ವಿವರಿಸಿದ ಮರುದಿನ, ಕನ್ನಡಕ ಧರಿಸಿದ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ನಮ್ಮ ಕೊಠಡಿಗೆ ಬಂದು ಒಂದೇ ಪ್ರಶ್ನೆಯನ್ನು ಕೇಳುವುದು ಪ್ರತಿವರ್ಷದ ವಾಡಿಕೆಯಾಗಿದೆ. ಲೇಸರ್ ಚಿಕಿತ್ಸೆಯಿಂದ ಕನ್ನಡಕವನ್ನು ಬಿಡಬಹುದೆಂದು ಹೇಳುತ್ತಾರೆ, ಮಾಡಿಸಿಕೊಳ್ಳಬಹುದೆ ಎಂಬುದೇ ಆ ಪ್ರಶ್ನೆ. ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬರು ತಿಂಗಳ ಕೊನೆಯವರೆಗೆ ಮಾತ್ರ ರಿಯಾಯಿತಿ ಎಂದು ಸಾರುವ ಜಾಹೀರಾತೊಂದನ್ನೂ ಕೈಯಲ್ಲಿ ಹಿಡಿದು ಬಂದಿದ್ದರು. ನಾವು ವೈದ್ಯರಲ್ಲ, ಒಬ್ಬರ ಕಣ್ಣಿಗೆ ಶಸ್ತ್ರಕ್ರಿಯೆ ಯುಕ್ತವೇ ಎಂಬುದನ್ನು ಆ ಕಣ್ಣನ್ನು ಪರೀಕ್ಷಿಸಿದ ನೇತ್ರವೈದ್ಯರೇ ಹೇಳತಕ್ಕದ್ದು. ಆದರೂ ಈ ಪ್ರಶ್ನೆಯ ಬಹುಭಾಗ ಅಳತೆಗೂ ಬೆಳಕಿನ ಶಾಸ್ತ್ರಕ್ಕೂ ಸೇರಿದ್ದು. ಅಷ್ಟನ್ನು ವಿಚಾರಮಾಡುವ ಅಧಿಕಾರ ನಮಗುಂಟೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಲೇಸರ್ ಶಸ್ತ್ರಕ್ರಿಯೆಯಿಂದ ಸಮೀಪದೃಷ್ಟಿಯ ಕಣ್ಣು ನಿರ್ದೋಷವಾದ ಕಣ್ಣಾಗಿ ಮಾರ್ಪಡುವುದಿಲ್ಲ. ಮೂಗಿನ ಮೇಲಿದ್ದ ಕನ್ನಡಕದ ಶಕ್ತಿಯನ್ನು ಕಣ್ಣಿನ ಮುಂಭಾಗದಲ್ಲಿಯೇ ಕೆತ್ತಿದಂತಾಗುತ್ತದೆ, ಅಷ್ಟೆ. ಮುಂದೆ ಹೇಳುವ ಲಾಭನಷ್ಟಗಳೆಲ್ಲವೂ ಈ ಒಂದು ಸಂಗತಿಯಿಂದಲೇ ಹೊರಡುತ್ತವೆ.

ಮನುಷ್ಯನ ಕಣ್ಣಿನ ಒಟ್ಟು ವಕ್ರೀಭವನ ಶಕ್ತಿ ಸುಮಾರು 60 ಡಯಾಪ್ಟರ್. ಇದರಲ್ಲಿ ಸುಮಾರು 43 ಡಯಾಪ್ಟರ್ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯದ್ದು. ಉಳಿದುದು ಒಳಗಿನ ಮಸೂರದ್ದು. ಕಾರ್ನಿಯದಿಂದ ರೆಟಿನದವರೆಗೆ ಇರುವ ಉದ್ದ ಸಾಧಾರಣವಾಗಿ 24 ಮಿಲಿಮೀಟರು. ಈ ಉದ್ದ ಒಂದು ಮಿಲಿಮೀಟರಿನಷ್ಟು ಹೆಚ್ಚಾದರೆ ಎರಡೂವರೆಯಿಂದ ಮೂರು ಡಯಾಪ್ಟರಿನಷ್ಟು ಸಮೀಪದೃಷ್ಟಿ ಉಂಟಾಗುತ್ತದೆ. ಹೆಚ್ಚಿನವರ ಸಮೀಪದೃಷ್ಟಿಗೆ ಕಾರಣ ಹೀಗೆ ಬೆಳೆದ ಕಣ್ಣಿನ ಉದ್ದವೇ. ಶಸ್ತ್ರವೈದ್ಯರು ಆ ಉದ್ದವನ್ನು ಮುಟ್ಟುವುದಿಲ್ಲ. ಕಾರ್ನಿಯದ ಮುಂಭಾಗವನ್ನು ಚಪ್ಪಟೆ ಮಾಡಿ, ಬಿಂಬವನ್ನು ರೆಟಿನದ ಮೇಲೆ ಬೀಳುವಂತೆ ಹಿಂದಕ್ಕೆ ತಳ್ಳುತ್ತಾರೆ. ಕಾರ್ನಿಯದ ಮುಂಭಾಗದ ವಕ್ರತೆಯ ತ್ರಿಜ್ಯ ಸುಮಾರು 7.8 ಮಿಲಿಮೀಟರು, ಅದರ ವಕ್ರೀಭವನಾಂಕ 1.376. ತ್ರಿಜ್ಯವನ್ನು 8.5 ಮಿಲಿಮೀಟರಿಗೆ ಏರಿಸಿದರೆ ನಾಲ್ಕು ಡಯಾಪ್ಟರ್ ಇಳಿಯುವುದೆಂಬುದನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಇದಾದ ಮೇಲೂ ಕಣ್ಣು ಉದ್ದವಾಗಿಯೇ ಉಳಿದಿರುತ್ತದೆ. ಆದಕಾರಣ ಅಧಿಕ ಸಮೀಪದೃಷ್ಟಿ ಇದ್ದವರಿಗೆ ರೆಟಿನ ಹರಿಯುವ, ಕಳಚಿಕೊಳ್ಳುವ ಅಪಾಯ ಮೊದಲಿದ್ದಂತೆಯೇ ಇರುತ್ತದೆ. ಕನ್ನಡಕ ಹೋಯಿತೆಂದು ರೆಟಿನದ ಪರೀಕ್ಷೆಯನ್ನು ನಿಲ್ಲಿಸಕೂಡದು.

ಇಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾದ ಬಗೆ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ರುಚಿಸತಕ್ಕ ವಿಷಯ. ಮದ್ರಾಸಿನಲ್ಲಿ 1929ರಲ್ಲಿ ಹುಟ್ಟಿ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿಯೇ ಕಲಿತ ರಂಗಸ್ವಾಮಿ ಶ್ರೀನಿವಾಸನ್ ಅವರು, ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಸಂಶೋಧನಾಲಯದಲ್ಲಿ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರೊಡನೆ ಎಕ್ಸೈಮರ್ ಲೇಸರಿನ ಪ್ರಯೋಗಗಳಲ್ಲಿ ತೊಡಗಿದ್ದರು. 1981ರ ನವೆಂಬರಿನಲ್ಲಿ, ಹಬ್ಬದ ಊಟದಲ್ಲಿ ಉಳಿದಿದ್ದ ಟರ್ಕಿಕೋಳಿಯ ತುಣುಕನ್ನು ಅವರು ಪ್ರಯೋಗಶಾಲೆಗೆ ತಂದು ಆ ಕಿರಣಕ್ಕೆ ಒಡ್ಡಿದರು. ಸುಟ್ಟ ಗುರುತೇ ಇಲ್ಲದೆ ಅಚ್ಚುಕಟ್ಟಾದ ತೋಡು ಬಿದ್ದಿತು. ಆ ಕಿರಣದ ತರಂಗದೂರ 193 ನ್ಯಾನೋಮೀಟರು. ಅದರ ಒಂದೊಂದು ಫೋಟಾನಿನ ಶಕ್ತಿ 6.4 ಎಲೆಕ್ಟ್ರಾನ್ ವೋಲ್ಟು. ಅಣುಗಳ ಬಂಧಗಳನ್ನು ನೇರವಾಗಿ ಕಡಿಯಲು ಇದು ಸಾಕಾಗುವುದರಿಂದ, ಶಾಖ ಸುತ್ತಲೂ ಹರಡುವ ಮೊದಲೇ ಪದಾರ್ಥ ಎದ್ದುಹೋಗುತ್ತದೆ. ಒಂದು ಮಿಡಿತಕ್ಕೆ ಏಳುವುದು ಸುಮಾರು ಕಾಲು ಮೈಕ್ರಾನ್ ಮಾತ್ರ. ಮುಂದೆ ಸ್ಟೀಫನ್ ಟ್ರೋಕೆಲ್ ಎಂಬ ನೇತ್ರವೈದ್ಯರು ಶ್ರೀನಿವಾಸನ್ ಅವರೊಡನೆ ಕೂಡಿ, ಕಾರ್ನಿಯವನ್ನು ಇದೇ ಕಿರಣದಿಂದ ಕೆತ್ತಬಹುದೆಂದು 1983ರಲ್ಲಿ ಪ್ರಕಟಿಸಿದರು.

ಇಂದು ಬಳಕೆಯಲ್ಲಿರುವ ಮುಖ್ಯ ಕ್ರಮಗಳು ಮೂರು. ಕಾರ್ನಿಯದ ಮೇಲ್ಪೊರೆಯನ್ನು ತೆಗೆದು ಅದರ ಕೆಳಗೆ ನೇರವಾಗಿ ಕೆತ್ತುವುದು ಹಳೆಯ ಕ್ರಮ. ಅಮೆರಿಕದ ಸರಕಾರ 1995ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಇದರಲ್ಲಿ ಕೆಲವು ದಿನಗಳ ನೋವು ಉಂಟು, ದೃಷ್ಟಿ ತಿಳಿಯಾಗುವುದೂ ನಿಧಾನ. ಗ್ರೀಸ್ ದೇಶದ ಪಲ್ಲಿಕಾರಿಸ್ ಅವರು 1990ರ ಸುಮಾರಿಗೆ ರೂಢಿಗೆ ತಂದ ಲೇಸಿಕ್ ಕ್ರಮದಲ್ಲಿ, ಕಾರ್ನಿಯದಲ್ಲಿ ತೆಳುವಾದ ಮುಚ್ಚಳವೊಂದನ್ನು ಕೊಯ್ದು ಮಡಚಿ, ಅದರ ಕೆಳಗೆ ಕೆತ್ತಿ, ಮುಚ್ಚಳವನ್ನು ಮತ್ತೆ ಹಾಸುತ್ತಾರೆ. ಮಾರನೆಯ ದಿನವೇ ಸ್ಪಷ್ಟವಾಗಿ ಕಾಣುವುದರಿಂದ ಇದಕ್ಕೆ ಹೆಚ್ಚು ಪ್ರಚಾರ ಬಂದಿತು. ಮೂರನೆಯದಾದ ಸ್ಮೈಲ್ ಕ್ರಮದಲ್ಲಿ ಮುಚ್ಚಳವಿಲ್ಲ. ಕಾರ್ನಿಯದ ಒಳಗೇ ಮಸೂರಾಕಾರದ ತುಣುಕೊಂದನ್ನು ಬಿಡಿಸಿ ಸಣ್ಣ ಸೀಳಿನಿಂದ ಹೊರಕ್ಕೆ ಎಳೆಯುತ್ತಾರೆ. ಕ್ರಮ ಯಾವುದೇ ಆಗಲಿ, ತೆಗೆದ ಅಂಗಾಂಶ ಮತ್ತೆ ಬೆಳೆಯುವುದಿಲ್ಲ.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವುಂಟು. ಜಪಾನಿನ ಸಾಟೊ ಎಂಬ ವೈದ್ಯರು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಕಾರ್ನಿಯದ ಹಿಂಭಾಗದಲ್ಲಿ ಗೀರುಗಳನ್ನು ಹಾಕಿ ಸಮೀಪದೃಷ್ಟಿಯನ್ನು ಇಳಿಸುತ್ತಿದ್ದರು. ಹಿಂಭಾಗದ ಜೀವಕೋಶಗಳ ಪದರವೇ ಕಾರ್ನಿಯವನ್ನು ತಿಳಿಯಾಗಿಡುವುದೆಂಬುದು ಆಗ ಸರಿಯಾಗಿ ತಿಳಿದಿರಲಿಲ್ಲ. ಹಲವು ವರ್ಷ ಚೆನ್ನಾಗಿ ಕಂಡ ಮೇಲೆ ಅನೇಕರ ಕಾರ್ನಿಯ ಊದಿಕೊಂಡು ಮಬ್ಬಾಯಿತು. ಆಮೇಲೆ ಮಾಸ್ಕೋದ ಫ್ಯೊದರಫ್ ಅವರು 1970ರ ದಶಕದಲ್ಲಿ ಮುಂಭಾಗದಲ್ಲಿ ಚಕ್ರದ ಅರೆಗಾಲುಗಳಂತೆ ಗೀರುವ ಕ್ರಮವನ್ನು ಹರಡಿದರು. ಆ ಕ್ರಮಕ್ಕೆ ಒಳಗಾದ ಕಣ್ಣುಗಳನ್ನು ಅಮೆರಿಕದಲ್ಲಿ ಹತ್ತು ವರ್ಷ ಅನುಸರಿಸಿ ನೋಡಿದಾಗ, ಅವುಗಳಲ್ಲಿ ನೂರಕ್ಕೆ 43ರಷ್ಟು ಒಂದು ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚಾಗಿ ದೂರದೃಷ್ಟಿಯ ಕಡೆಗೆ ಸರಿದಿದ್ದುದು 1994ರಲ್ಲಿ ಪ್ರಕಟವಾಯಿತು. ಲೇಸರ್ ಕ್ರಮ ಇವೆರಡಕ್ಕಿಂತಲೂ ಬಹಳ ಸುಭದ್ರ; ಮೂರು ದಶಕಗಳಿಗೆ ಮೀರಿದ ಅನುಭವ ಅದರ ಬೆನ್ನಿಗಿದೆ. ಆದರೆ ಮಾರನೆಯ ದಿನದ ದೃಷ್ಟಿಯೊಂದನ್ನೇ ಸಾಕ್ಷ್ಯವಾಗಿ ಎಣಿಸಕೂಡದೆಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು.

ಇನ್ನು ಅಂಗಾಂಶದ ಲೆಕ್ಕಕ್ಕೆ ಬರೋಣ. ಕಾರ್ನಿಯದ ನಡುಭಾಗದ ದಪ್ಪ ಸಾಧಾರಣವಾಗಿ 500ರಿಂದ 600 ಮೈಕ್ರಾನ್‌ಗಳ ನಡುವೆ ಇರುತ್ತದೆ. ಕೆತ್ತಬೇಕಾದ ಆಳವನ್ನು ಅಂದಾಜು ಮಾಡಲು ಸರಳವಾದ ಸೂತ್ರವೊಂದಿದೆ: ಕೆತ್ತುವ ವೃತ್ತದ ವ್ಯಾಸವನ್ನು ಮಿಲಿಮೀಟರುಗಳಲ್ಲಿ ವರ್ಗಮಾಡಿ, ಡಯಾಪ್ಟರುಗಳಿಂದ ಗುಣಿಸಿ, ಮೂರರಿಂದ ಭಾಗಿಸಿದರೆ ಮೈಕ್ರಾನ್‌ಗಳು ದೊರೆಯುತ್ತವೆ. ವ್ಯಾಸ 6 ಮಿಲಿಮೀಟರ್ ಆದರೆ ಡಯಾಪ್ಟರ್ ಒಂದಕ್ಕೆ 12 ಮೈಕ್ರಾನ್. ಅಂಚನ್ನು ನಯಗೊಳಿಸಬೇಕಾದ ಕಾರಣ ವ್ಯವಹಾರದಲ್ಲಿ ಇದು 15ರ ಸಮೀಪಕ್ಕೆ ಬರುತ್ತದೆಂದು ಇಟ್ಟುಕೊಳ್ಳೋಣ. ಇಲ್ಲಿ ವ್ಯಾಸದ ವರ್ಗ ಬರುವುದನ್ನು ಗಮನಿಸಬೇಕು. ರಾತ್ರಿಯಲ್ಲಿ ಕಣ್ಣುಪಾಪೆ ಅಗಲವಾಗಿ ಹಿಗ್ಗುವವರಿಗೆ ವೃತ್ತವೂ ಅಗಲವಾಗಿರಬೇಕು. ಆದರೆ ವೃತ್ತವನ್ನು ಸ್ವಲ್ಪ ಅಗಲಿಸಿದರೂ ಆಳ ಬೇಗ ಏರುತ್ತದೆ.

ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳಬಹುದು. ಮೊದಲನೆಯವರ ನಂಬರು ಮೈನಸ್ 4, ಕಾರ್ನಿಯದ ದಪ್ಪ 540 ಮೈಕ್ರಾನ್. ಲೇಸಿಕ್ ಕ್ರಮದಲ್ಲಿ ಮುಚ್ಚಳಕ್ಕೆ 110, ಕೆತ್ತನೆಗೆ 60 ಹೋದರೆ ಕೆಳಗೆ 370 ಮೈಕ್ರಾನ್ ಉಳಿಯುತ್ತದೆ. ಎರಡನೆಯವರ ನಂಬರು ಮೈನಸ್ 8, ದಪ್ಪ 490. ಮುಚ್ಚಳಕ್ಕೆ 110, ಕೆತ್ತನೆಗೆ 120, ಉಳಿಯುವುದು 260. ಕಣ್ಣಿನ ಒಳಗಿನ ಒತ್ತಡವನ್ನು ತಡೆದು ನಿಲ್ಲುವುದು ಈ ಉಳಿದ ಭಾಗವೇ. ಕೊಯ್ದ ಮುಚ್ಚಳದಿಂದ ಬಲವೇನೂ ಒದಗುವುದಿಲ್ಲವೆಂದೇ ಹೇಳಬಹುದು. ಉಳಿಕೆ 250ಕ್ಕೆ ಕಡಿಮೆಯಾಗಕೂಡದೆಂಬುದು ಹಳೆಯ ನಿಯಮ. 300 ಇರಲೆಂದು ಬಯಸುವ ವೈದ್ಯರು ಈಗ ಅನೇಕರಿದ್ದಾರೆ. ಮುಚ್ಚಳವೂ ಕೆತ್ತನೆಯೂ ಕೂಡಿ ಮೂಲ ದಪ್ಪದ ನೂರಕ್ಕೆ 40ನ್ನು ಮುಟ್ಟಿದರೆ ಅಪಾಯ ಹೆಚ್ಚೆಂಬುದು ಇತ್ತೀಚಿನ ಇನ್ನೊಂದು ಅಳತೆಗೋಲು. ಮೊದಲನೆಯವರಲ್ಲಿ ಇದು 31, ಎರಡನೆಯವರಲ್ಲಿ 47. ಎಂದರೆ ಎರಡನೆಯವರು ಹಳೆಯ ನಿಯಮದಂತೆ ಕಷ್ಟದಿಂದ ತೇರ್ಗಡೆಯಾಗಿ, ಹೊಸದರಂತೆ ಅನುತ್ತೀರ್ಣರಾಗುತ್ತಾರೆ! ಅವರಿಗೆ ಮುಚ್ಚಳವಿಲ್ಲದ ಕ್ರಮವನ್ನೋ, ಕಣ್ಣಿನೊಳಗೆ ತೆಳುವಾದ ಮಸೂರವನ್ನು ಕೂಡಿಸುವ ಬೇರೆ ಶಸ್ತ್ರಕ್ರಿಯೆಯನ್ನೋ ವೈದ್ಯರು ಸೂಚಿಸಬಹುದು. ಕನ್ನಡಕವೇ ಲೇಸೆಂದೂ ಹೇಳಬಹುದು. ಪರೀಕ್ಷೆ ಮಾಡಿಸಿಕೊಂಡವರು ಈ ಮೂರು ಸಂಖ್ಯೆಗಳನ್ನು, ಎಂದರೆ ದಪ್ಪ, ಕೆತ್ತನೆ, ಉಳಿಕೆ ಇವುಗಳನ್ನು, ಕೇಳಿ ಬರೆದುಕೊಂಡು ಬರಬೇಕೆಂಬುದು ನಮ್ಮ ಸಲಹೆ. ಹೇಳಲು ಮನಸ್ಸಿಲ್ಲದ ಕಡೆ ಶಸ್ತ್ರಕ್ರಿಯೆಗೆ ಒಪ್ಪದಿರುವುದು ಒಳ್ಳೆಯದು.

ದಪ್ಪವಿದ್ದರೆ ಸಾಲದು, ಆಕಾರವೂ ಸರಿಯಾಗಿರಬೇಕು. ಕೆಲವರ ಕಾರ್ನಿಯ ಹರೆಯದಲ್ಲಿ ಮೆಲ್ಲಮೆಲ್ಲನೆ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚುತ್ತದೆ. ಕೆರಟೊಕೋನಸ್ ಎಂಬ ಈ ರೋಗ ದಕ್ಷಿಣ ಏಷ್ಯದ ಜನರಲ್ಲಿ ಯೂರೋಪಿಯನ್ನರಿಗಿಂತ ಹೆಚ್ಚಾಗಿ ಕಂಡುಬರುತ್ತದೆ; ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸವೂ ಇದರೊಡನೆ ಸಂಬಂಧಪಟ್ಟಿದೆ. ಆರಂಭದಲ್ಲಿ ಇದು ಸಾಮಾನ್ಯವಾದ ಸಿಲಿಂಡರ್ ನಂಬರಿನ ವೇಷದಲ್ಲಿರುತ್ತದೆ. ಇಂತಹ ಕಣ್ಣನ್ನು ತಿಳಿಯದೆ ಕೆತ್ತಿದರೆ ಚಾಚುವಿಕೆ ತ್ವರೆಗೊಂಡು, ಕಡೆಗೆ ಕಾರ್ನಿಯವನ್ನೇ ಬದಲಾಯಿಸಬೇಕಾಗಿ ಬರಬಹುದು. ಕಾರ್ನಿಯದ ಮುಂಭಾಗ ಹಿಂಭಾಗಗಳೆರಡರ ಏರುತಗ್ಗುಗಳ ನಕ್ಷೆಯನ್ನು ತೆಗೆದು ನೋಡುವುದು ಇದನ್ನು ಪತ್ತೆಮಾಡುವುದಕ್ಕಾಗಿಯೇ. ಕಾಂಟಾಕ್ಟ್ ಲೆನ್ಸು ಕಾರ್ನಿಯದ ಆಕಾರವನ್ನು ತಾತ್ಕಾಲಿಕವಾಗಿ ಬದಲಿಸುವುದರಿಂದ, ಮೆದುವಾದ ಲೆನ್ಸನ್ನು ಎರಡು ವಾರವಾದರೂ, ಗಡುಸಾದುದನ್ನು ಇನ್ನೂ ಹೆಚ್ಚು ಕಾಲವೂ ಬಿಟ್ಟಿದ್ದು ಬಳಿಕ ಈ ಪರೀಕ್ಷೆಗೆ ಹೋಗತಕ್ಕದ್ದು.

ವಯಸ್ಸಿನ ವಿಚಾರ. ಹದಿನೆಂಟು ತುಂಬಿರಬೇಕೆಂಬುದು ಸಾಮಾನ್ಯ ನಿಯಮ. ಆದರೆ ಹದಿನೆಂಟಕ್ಕಿಂತ ಮುಖ್ಯವಾದುದು ಒಂದು ವರ್ಷದಲ್ಲಿ ನಂಬರು ಅರ್ಧ ಡಯಾಪ್ಟರಿಗಿಂತ ಹೆಚ್ಚು ಬದಲಾಗದಿರುವುದು. ಕಣ್ಣು ಇನ್ನೂ ಬೆಳೆಯುತ್ತಿರುವಾಗ ಕೆತ್ತಿಸಿಕೊಂಡರೆ ಕನ್ನಡಕ ಮತ್ತೆ ಬರುವುದು ಖಂಡಿತ. ಗರ್ಭಿಣಿಯರೂ ಹಾಲೂಡುವ ತಾಯಂದಿರೂ ಮುಂದೂಡಬೇಕು.

ಇನ್ನೊಂದು ತುದಿಯ ವಯಸ್ಸು ನಮ್ಮ ಸಹೋದ್ಯೋಗಿಗಳಿಗೆ ಸಂಬಂಧಪಟ್ಟದ್ದು. ನಲವತ್ತು ದಾಟಿದ ಮೇಲೆ ಒಳಗಿನ ಮಸೂರ ಗಡುಸಾಗಿ, ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿ ಕುಗ್ಗುತ್ತದೆ. ನಮ್ಮ ಹಿರಿಯರು ಚಾಳೀಸು ಬಂತು ಎನ್ನುತ್ತಿದ್ದುದು ಇದನ್ನೇ. ಮೈನಸ್ 3 ನಂಬರಿನ ಅಧ್ಯಾಪಕರೊಬ್ಬರು ನಲವತ್ತೈದರಲ್ಲಿ ಕನ್ನಡಕವನ್ನು ತೆಗೆದಿಟ್ಟು, 33 ಸೆಂಟಿಮೀಟರ್ ದೂರದಲ್ಲಿ ಪುಸ್ತಕ ಹಿಡಿದು ಯಾವ ಆಯಾಸವೂ ಇಲ್ಲದೆ ಓದಬಲ್ಲರು. ಅವರ ದೂರದ ದೃಷ್ಟಿಯನ್ನು ಲೇಸರಿನಿಂದ ಸರಿಪಡಿಸಿದ ಮರುವಾರವೇ ಅವರಿಗೆ ಓದುವ ಕನ್ನಡಕ ಬೇಕಾಗುತ್ತದೆ. ಅವರು ರಸ್ತೆಯಲ್ಲಿ ಕನ್ನಡಕವಿಲ್ಲದೆ ನಡೆಯುವ ಸುಖವನ್ನು, ಮೇಜಿನ ಮುಂದೆ ಕನ್ನಡಕವಿಲ್ಲದೆ ಓದುವ ಸುಖ ಕೊಟ್ಟು ಕೊಂಡಂತಾಯಿತು. ದಿನದ ಆರು ಗಂಟೆ ಉತ್ತರಪತ್ರಿಕೆಗಳನ್ನು ನೋಡುವವರಿಗೆ ಇದು ಲಾಭದ ವ್ಯಾಪಾರವೆಂದು ನಮಗೆ ತೋರುವುದಿಲ್ಲ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಉಪಾಯವುಂಟು. ಕಾಂಟಾಕ್ಟ್ ಲೆನ್ಸುಗಳಿಂದ ಕೆಲವು ವಾರ ಹಾಗೆ ಇದ್ದು ನೋಡದೆ ಅದಕ್ಕೆ ಕೈಹಾಕಬಾರದು. ಇಪ್ಪತ್ತೈದರ ತರುಣರಿಗಾದರೋ ಕನ್ನಡಕವಿಲ್ಲದ ಹದಿನೈದು ಇಪ್ಪತ್ತು ವರ್ಷಗಳು ಮುಂದಿರುತ್ತವೆ.

ಮಾಡಿಸಿಕೊಂಡವರ ಅನುಭವವೇನು? ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ನೌಕಾಪಡೆಯವರನ್ನೂ ಸಾಮಾನ್ಯ ನಾಗರಿಕರನ್ನೂ ಪ್ರಶ್ನಿಸಿ ನಡೆಸಿದ ಎರಡು ಅಧ್ಯಯನಗಳು 2017ರಲ್ಲಿ ಪ್ರಕಟವಾದವು. ಬಹುಪಾಲು ಜನ ತೃಪ್ತರಾಗಿದ್ದರು. ಅತೃಪ್ತರು ನೂರಕ್ಕೆ ಕೆಲವರು ಮಾತ್ರ. ಆದರೆ ಮೊದಲು ಯಾವ ತೊಂದರೆಯೂ ಇಲ್ಲದಿದ್ದವರಲ್ಲಿ ಒಂದು ಅಧ್ಯಯನದಲ್ಲಿ ನೂರಕ್ಕೆ 43, ಇನ್ನೊಂದರಲ್ಲಿ 46 ಜನ, ದೀಪದ ಸುತ್ತ ಬಳೆ ಕಾಣುವುದು, ಕಿರಣಗಳು ಚದರುವುದು, ನೆರಳುಬಿಂಬ ಕಾಣುವುದು ಮುಂತಾದ ಹೊಸ ಲಕ್ಷಣ ಒಂದನ್ನಾದರೂ ಮೂರು ತಿಂಗಳಾದಾಗ ಹೇಳಿದರು. ಅದರಿಂದ ಬಹಳ ಕಷ್ಟಪಟ್ಟವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಕಣ್ಣು ಒಣಗುವ ತೊಂದರೆ ಇಲ್ಲದಿದ್ದವರಲ್ಲಿ ಸುಮಾರು 28 ಮಂದಿಗೆ ಅದು ಹೊಸದಾಗಿ ತಲೆದೋರಿತ್ತು. ಮುಚ್ಚಳ ಕೊಯ್ಯುವಾಗ ಕಾರ್ನಿಯದ ನರಗಳೂ ತುಂಡಾಗುವುದರಿಂದ ಕಣ್ಣೀರಿನ ಪ್ರಚೋದನೆ ತಗ್ಗುವುದು ಇದಕ್ಕೊಂದು ಕಾರಣ. ನರಗಳು ಮತ್ತೆ ಬೆಳೆದಂತೆ ಅನೇಕರಲ್ಲಿ ಇದು ಶಮನವಾಗುತ್ತದೆ. ಈಗಾಗಲೇ ಕಣ್ಣು ಒಣಗುವವರು, ರಾತ್ರಿಯ ವೇಳೆ ವಾಹನ ನಡೆಸುವುದೇ ಜೀವನವಾದವರು, ಈ ಸಂಖ್ಯೆಗಳನ್ನು ಇತರರಿಗಿಂತ ಹೆಚ್ಚಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ಉದ್ಯೋಗದ ಸಲುವಾಗಿ ಮಾಡಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಸೇನೆಯ ಕೆಲವು ಶಾಖೆಗಳಲ್ಲಿ ಈ ಶಸ್ತ್ರಕ್ರಿಯೆಯನ್ನು ಷರತ್ತುಗಳೊಡನೆ ಒಪ್ಪುತ್ತಾರೆ. ರೈಲ್ವೆಯ ಎಂಜಿನ್ ಚಾಲಕ ವರ್ಗದಂತಹ ಹುದ್ದೆಗಳಿಗೆ ಒಪ್ಪುವುದಿಲ್ಲ. ಷರತ್ತುಗಳು ಬದಲಾಗುತ್ತಿರುತ್ತವೆ. ಆಯಾ ವರ್ಷದ ಪ್ರಕಟಣೆಯನ್ನು ಓದಿದ ಮೇಲೆಯೇ ಹೆಜ್ಜೆ ಇಡಬೇಕು. ಮಾಡಿಸಿಕೊಂಡ ಮೇಲೆ ಓದಿ ಫಲವಿಲ್ಲ.

ಜಾಹೀರಾತು ತಂದಿದ್ದ ವಿದ್ಯಾರ್ಥಿನಿ ರಿಯಾಯಿತಿಯ ಗಡುವನ್ನು ಬಿಟ್ಟುಕೊಟ್ಟು, ಲೆನ್ಸು ಧರಿಸುವುದನ್ನು ಮೂರು ವಾರ ನಿಲ್ಲಿಸಿ, ಬೇರೊಂದು ಕಡೆ ಪರೀಕ್ಷೆ ಮಾಡಿಸಿಕೊಂಡು ಬಂದರು. ದಪ್ಪ ಸಾಕಷ್ಟಿತ್ತು, ನಕ್ಷೆಯೂ ನಿರ್ದುಷ್ಟವಾಗಿತ್ತು. ಆದರೆ ಹಿಂದಿನ ವರ್ಷದ ಚೀಟಿಯೊಡನೆ ಹೋಲಿಸಿದಾಗ ನಂಬರು ಮುಕ್ಕಾಲು ಡಯಾಪ್ಟರ್ ಏರಿತ್ತು. ಒಂದು ವರ್ಷ ಕಳೆದು ಬನ್ನಿರೆಂದು ವೈದ್ಯರು ಕಳುಹಿಸಿದರಂತೆ. ಅವರು ಹಳೆಯ ಚೀಟಿಯನ್ನು ಎಸೆಯದೆ ಇಟ್ಟುಕೊಂಡಿದ್ದುದು ಉಪಯೋಗಕ್ಕೆ ಬಂದಿತು. ಶಸ್ತ್ರಕ್ರಿಯೆ ಮಾಡಿಸಿಕೊಂಡವರಿಗೂ ಕಾಗದಗಳ ವಿಚಾರದಲ್ಲಿ ಒಂದು ಮಾತನ್ನು ಹೇಳಬೇಕಾಗಿದೆ. ಕಾರ್ನಿಯ ತೆಳುವಾದ ಮೇಲೆ ಕಣ್ಣಿನೊತ್ತಡವನ್ನು ಅಳೆಯುವ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುವುದರಿಂದ ಗ್ಲಾಕೋಮಾ ರೋಗ ಕಣ್ಣುತಪ್ಪಿಸಿಕೊಳ್ಳಬಹುದು. ವೃದ್ಧಾಪ್ಯದಲ್ಲಿ ಪೊರೆ ತೆಗೆದು ಕೃತಕ ಮಸೂರವನ್ನು ಕೂಡಿಸುವಾಗ, ಬದಲಾದ ಕಾರ್ನಿಯದ ಕಾರಣ ವಾಡಿಕೆಯ ಸೂತ್ರದಿಂದ ಆ ಮಸೂರದ ಶಕ್ತಿ ಸರಿಯಾಗಿ ಬರುವುದಿಲ್ಲ. ಆದುದರಿಂದ ಶಸ್ತ್ರಕ್ರಿಯೆಗೆ ಮುಂಚಿನ ನಂಬರು, ದಪ್ಪ, ವಕ್ರತೆ, ಕೆತ್ತಿದ ಆಳ ಇವುಗಳನ್ನೊಳಗೊಂಡ ಪತ್ರವನ್ನು ವೈದ್ಯರಿಂದ ಕೇಳಿ ಪಡೆದು, ಜನನಪತ್ರ, ಪದವಿಪತ್ರಗಳೊಡನೆ ಮೂವತ್ತು ನಲವತ್ತು ವರ್ಷ ಕಾಪಾಡಿಕೊಳ್ಳತಕ್ಕದ್ದು.