ಗಂಟೆಗೊಂದು ಹನಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗುವಷ್ಟರಲ್ಲಿ ಹಲವು ಕೈ ದಾಟುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಎನ್ನುವ ಹೊತ್ತಿಗೆ ಸುಲಿಯುವವರು ಬರುತ್ತಾರೆ. ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚಿ ತಿರುವಿದರೆ ಮಟ್ಟೆ ಬಿಚ್ಚಿಕೊಳ್ಳುತ್ತದೆ, ಮಚ್ಚಿನ ಏಟಿಗೆ ಚಿಪ್ಪು ಸಿಡಿಯುತ್ತದೆ. ಇಷ್ಟರ ನಡುವೆ ಒಣಗರಿಯ ತುದಿಯೋ, ನಾರಿನ ದೂಳೋ, ಚಿಪ್ಪಿನ ಚೂರೋ ಕಣ್ಣಿಗೆ ತಾಗುವುದು ಹೊಸದಲ್ಲ. ಟವೆಲ್‌ನಿಂದ ಒರೆಸಿಕೊಂಡು ಕೆಲಸ ಮುಂದುವರಿಸುವುದು ರೂಢಿ. ಬಹುಪಾಲು ಗೀರುಗಳು ತಾವಾಗಿಯೇ ಮಾಯುತ್ತವೆ. ಮಾಯದೆ ಹುಣ್ಣಾದವನ್ನು ಮಾಯಿಸುವ ಕಸುಬೊಂದಿದೆ. ಕಣ್ಣಿನ ಡಾಕ್ಟರೆಂದರೆ ಪೊರೆ ತೆಗೆಯುವವರು ಎಂದೇ ನಮ್ಮ ಜನರ ಎಣಿಕೆ, ಡಾ. ಎಂ.ಸಿ. ಮೋದಿಯವರ ಶಿಬಿರಗಳು ಆ ಚಿತ್ರವನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದವು. ಕರಿಗುಡ್ಡೆಯ ಹುಣ್ಣಿನೊಂದಿಗೆ ಹಗಲಿರುಳು ಹೆಣಗುವ ಕೆಲಸಕ್ಕೆ ಆ ಹೆಸರು ಸಿಕ್ಕಿಲ್ಲ. ಕೈಚಳಕದಲ್ಲಿ ಅದೇನೂ ಕಡಿಮೆಯದಲ್ಲ ಎಂದು ನಾನು ತಿಳಿದಿದ್ದೇನೆ.

ಕರಿಗುಡ್ಡೆಯ ಮುಂದಿರುವ ತಿಳಿಗಾಜಿನಂಥ ಪಟಲವೇ ಕಾರ್ನಿಯಾ. ನಡುಮಧ್ಯದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಬೆಳಕು ನಿರಾತಂಕವಾಗಿ ಹಾಯುತ್ತಿರಲಿಲ್ಲ. ಈ ವರಕ್ಕೊಂದು ಬೆಲೆಯೂ ಇದೆ. ಬೇರೆ ಕಡೆಯ ಸೋಂಕಿಗೆ ನುಂಗಿದ ಮಾತ್ರೆ ರಕ್ತದ ಜೊತೆ ತಾನೇ ಹೋಗಿ ಸೇರುತ್ತದೆ. ಇಲ್ಲಿಗೆ ಔಷಧವನ್ನು ಹೊರಗಿನಿಂದ, ಹನಿಹನಿಯಾಗಿ, ಕೈಯಾರೆ ಮುಟ್ಟಿಸಬೇಕು. ಮೇಲ್ಪದರ ಅಖಂಡವಾಗಿರುವವರೆಗೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಒಳನುಗ್ಗಲಾರವು. ಸಣ್ಣ ಗೀರು ಬಿದ್ದರೆ ಸಾಕು, ಒಂದೆರಡು ದಿನದಲ್ಲಿ ನೋವು, ಕೆಂಪು, ಬೆಳಕು ನೋಡಲಾಗದ ಚುಚ್ಚು, ಕರಿಗುಡ್ಡೆಯ ಮೇಲೊಂದು ಬಿಳಿ ಮಚ್ಚೆ.

ವೈದ್ಯರು ಮೊದಲು ಸ್ಲಿಟ್ ಲ್ಯಾಂಪಿನ ಸೀಳುಬೆಳಕಿನಲ್ಲಿ ಹುಣ್ಣಿನ ಆಳ ಅಗಲ ನೋಡುತ್ತಾರೆ. ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟರೆ ಮೇಲ್ಪದರ ಕಿತ್ತುಹೋದಷ್ಟು ಜಾಗ ಹಸಿರಾಗಿ ಹೊಳೆಯುತ್ತದೆ. ಕಂಡದ್ದನ್ನು ಚಿತ್ರ ಬರೆದಿಡುವ ಪದ್ಧತಿಯಿದೆ, ನನಗೆ ಬಹಳ ಮೆಚ್ಚುಗೆಯಾದದ್ದು ಅದು. ಹಸಿರು ಎಂದರೆ ಮೇಲ್ಪದರ ಹೋದ ಜಾಗ, ಹಳದಿ ಎಂದರೆ ಕೀವುಗಟ್ಟಿದ ಜಾಗ, ನೀಲಿ ಎಂದರೆ ಊತ. ನಾಳೆ ನೋಡುವವರು ಬೇರೆ ಡಾಕ್ಟರಾದರೂ ಹುಣ್ಣು ಹಿಗ್ಗಿತೋ ಕುಗ್ಗಿತೋ ಎಂಬುದು ಆ ಚಿತ್ರದಿಂದಲೇ ತಿಳಿಯುತ್ತದೆ. ಮೂಗಿನ ಪಕ್ಕದ ಕಣ್ಣೀರಿನ ಚೀಲವನ್ನೂ ಒತ್ತಿ ನೋಡುತ್ತಾರೆ. ಅಲ್ಲಿಂದ ಕೀವು ಮರಳಿ ಕಣ್ಣಿಗೆ ಬಂದರೆ, ಮೂಲ ಅಲ್ಲೇ ಕೂತಿದೆ ಎಂದರ್ಥ.

ಆಮೇಲಿನದು ಕೆರೆಯುವ ಕೆಲಸ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ತೆಳ್ಳನೆಯ ಕಿಮುರಾ ಸ್ಪ್ಯಾಚುಲಾವನ್ನೋ ಪುಟ್ಟ ಅಲಗನ್ನೋ ಹಿಡಿದು ಹುಣ್ಣಿನ ಅಂಚಿನಿಂದಲೂ ತಳದಿಂದಲೂ ಒಂದಿಷ್ಟು ತೆಗೆಯಬೇಕು. ಎಳನೀರಿನಲ್ಲಿ ಆಗತಾನೆ ಕಟ್ಟಿದ ಗಂಜಿಯನ್ನು ಚಿಪ್ಪು ತಾಗದಂತೆ ಕೆರೆಯುವಷ್ಟು ಹಗುರ ಕೈ ಬೇಕು. ಅಂಚನ್ನು ಬಿಡುವಂತಿಲ್ಲ, ಏಕೆಂದರೆ ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಹುಣ್ಣು ಹಬ್ಬುತ್ತಿರುವ ಮುಂಭಾಗದಲ್ಲೇ ಬೀಡುಬಿಟ್ಟಿರುತ್ತವೆ. ಸಿಕ್ಕಿದ್ದು ಕಣ್ಣಿಗೆ ಕಾಣಲೂ ಸಾಲದಷ್ಟು. ಅದರಲ್ಲೇ ಗಾಜಿನ ಪಟ್ಟಿಗೆ ಸವರಬೇಕು, ಸೂಕ್ಷ್ಮಜೀವಿ ಬೆಳೆಸುವ ಬ್ಲಡ್ ಅಗರ್ ತಟ್ಟೆಯ ಮೇಲೆ ಇಂಗ್ಲಿಷಿನ ‘ಸಿ’ ಅಕ್ಷರದಂತೆ ಗೀಟೆಳೆಯಬೇಕು. ಸಿ ಗೀಟಿನ ಮೇಲೆ ಬೆಳೆದದ್ದು ಕಣ್ಣಿನಿಂದ ಬಂದದ್ದು. ಗೀಟಿನಾಚೆ ಬೆಳೆದದ್ದು ಗಾಳಿಯಿಂದ ಬಿದ್ದದ್ದು.

ತಟ್ಟೆಯಲ್ಲಿ ಬೆಳೆ ಕಾಣಲು ಒಂದೆರಡು ದಿನ ಬೇಕು, ಗಾಜಿನ ಪಟ್ಟಿ ಅಂದೇ ಮಾತಾಡುತ್ತದೆ. 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಪ್ರಕಟಿಸಿದ ಬಣ್ಣದ ವಿಧಾನ ಇಂದಿಗೂ ಹಳತಾಗಿಲ್ಲ. ನೇರಳೆ ಬಣ್ಣ, ಅಯೋಡಿನ್, ಮದ್ಯಸಾರದ ತೊಳೆತ, ಕೊನೆಗೆ ಕೆಂಪು. ತೊಳೆದರೂ ನೇರಳೆ ಬಿಡದವು ಒಂದು ಗುಂಪು, ಬಿಟ್ಟು ಕೆಂಪಾದವು ಇನ್ನೊಂದು. ನೇರಳೆಯಲ್ಲಿ ಜೋಡಿಜೋಡಿಯಾಗಿ ಕಂಡ ಚೂಪುತುದಿಯ ಕಾಳುಗಳು ನ್ಯುಮೊಕಾಕಸ್ ಇರಬಹುದು. ಕೆಂಪು ಕಡ್ಡಿಗಳು ಕಂಡರೆ ಸುಡೊಮೊನಾಸ್ ಇದ್ದೀತೆಂಬ ದಿಗಿಲು. ಅದು ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕರಗಿಸಿ ತೂತು ಮಾಡಬಲ್ಲದು. ಇನ್ನೊಂದು ಪಟ್ಟಿಗೆ ಪೊಟ್ಯಾಶ್ ದ್ರಾವಣ ಹಾಕಿ ಶಿಲೀಂಧ್ರದ ಎಳೆ ಹುಡುಕುತ್ತಾರೆ. ಗರಿ, ನಾರು, ಹುಲ್ಲು ತಾಗಿದ ಕಣ್ಣಿನಲ್ಲಿ ಇದನ್ನು ಬಿಡುವಂತೆಯೇ ಇಲ್ಲ. ಮದುರೈನ ಅರವಿಂದ ಆಸ್ಪತ್ರೆಯವರು 1997ರಲ್ಲಿ ಪ್ರಕಟಿಸಿದ 434 ರೋಗಿಗಳ ಅಧ್ಯಯನದಲ್ಲಿ, ಸೂಕ್ಷ್ಮಜೀವಿ ಬೆಳೆದ ಹುಣ್ಣುಗಳ ಪೈಕಿ ಬ್ಯಾಕ್ಟೀರಿಯಾದವು ಶೇ. 47.1, ಶಿಲೀಂಧ್ರದವು ಶೇ. 46.8. ಹೆಚ್ಚುಕಡಿಮೆ ಅರ್ಧಕ್ಕರ್ಧ. ಬ್ಯಾಕ್ಟೀರಿಯಾದ ಔಷಧ ಶಿಲೀಂಧ್ರಕ್ಕೆ ನಾಟುವುದಿಲ್ಲ, ಅದಕ್ಕೆ ನಟಾಮೈಸಿನ್ ಬೇಕು. ಕೆರೆದು ನೋಡದೆ ಕೊಟ್ಟ ಮದ್ದು ಎಷ್ಟು ಸಲ ಗುರಿ ತಪ್ಪೀತೆಂದು ಈ ಅಂಕಿಯೇ ಹೇಳುತ್ತದೆ.

ಬ್ಯಾಕ್ಟೀರಿಯಾ ಎಂದು ಖಚಿತವಾದಾಗ, ಹುಣ್ಣು ಸಣ್ಣದಿದ್ದರೆ ಮಾಕ್ಸಿಫ್ಲಾಕ್ಸಸಿನ್‌ನಂಥ ಸಿದ್ಧ ಹನಿಯೇ ಸಾಕಾದೀತು. ದೊಡ್ಡದಿದ್ದರೆ, ಕಣ್ಣಿನ ನಡುವೆ ಕೂತಿದ್ದರೆ, ಸೂಜಿಮದ್ದಿನ ಸೀಸೆಯಿಂದಲೇ ಬಲವಾದ ಹನಿ ತಯಾರಿಸುತ್ತಾರೆ. ಅಂಗಡಿಯ ಜೆಂಟಾಮೈಸಿನ್ ಹನಿಯಲ್ಲಿ ಒಂದು ಮಿಲಿಲೀಟರಿಗೆ 3 ಮಿಲಿಗ್ರಾಂ ಔಷಧ. ಅದರ 5 ಮಿಲಿ ಡಬ್ಬಿಗೆ 80 ಮಿಲಿಗ್ರಾಂ ಇರುವ 2 ಮಿಲಿ ಸೂಜಿಮದ್ದು ಸೇರಿಸಿದರೆ ಬಲ ಸುಮಾರು 14 ಮಿಲಿಗ್ರಾಂಗೆ ಏರುತ್ತದೆ. 500 ಮಿಲಿಗ್ರಾಂ ಸೆಫಜೊಲಿನ್ ಪುಡಿಯನ್ನು ಒಟ್ಟು 10 ಮಿಲಿ ದ್ರವವಾಗುವಂತೆ ಕರಗಿಸಿದರೆ ಶೇ. 5ರ ಹನಿ ಸಿದ್ಧ. ಸೆಫಜೊಲಿನ್ ನೇರಳೆ ಗುಂಪಿಗೆ, ಜೆಂಟಾಮೈಸಿನ್ ಕೆಂಪು ಗುಂಪಿಗೆ. ಶುಚಿಯಲ್ಲಿ ಎಳ್ಳಷ್ಟೂ ತಪ್ಪುವಂತಿಲ್ಲ. ಫ್ರಿಜ್‌ನಲ್ಲಿಟ್ಟರೂ ಕೆಲವೇ ದಿನ ಬಾಳುತ್ತದೆ.

ಇನ್ನು ಹಾಕುವ ಕ್ರಮ. ಮೊದಲ ಎರಡು ದಿನ ಗಂಟೆಗೊಂದು ಸಲ, ರಾತ್ರಿಯೂ ಸೇರಿ. ಎರಡು ಔಷಧಗಳ ನಡುವೆ ಐದು ನಿಮಿಷ ಬಿಡಬೇಕು, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಕಣ್ಣಿನಲ್ಲಿ ಒಂದು ಹನಿಗಿಂತ ಹೆಚ್ಚು ನಿಲ್ಲುವುದೇ ಇಲ್ಲ, ಹಾಗಾಗಿ ಎರಡೆರಡು ಸುರಿದು ಲಾಭವಿಲ್ಲ. ರಾತ್ರಿ ಎರಡಕ್ಕೆ, ಮೂರಕ್ಕೆ ಎದ್ದು ಅಪ್ಪನ ರೆಪ್ಪೆ ಎಳೆದು ಹನಿ ಬಿಡುವ ಮಗಳನ್ನು, ವಾರ್ಡಿನ ನರ್ಸನ್ನು ನಾನು ಈ ಕಸುಬಿನ ಸಮಪಾಲುದಾರರೆಂದೇ ಎಣಿಸುತ್ತೇನೆ. ಎರಡು ದಿನ ಕಳೆದ ಮೇಲೆ ಅಂಚು ಮೊಂಡಾಗಿದೆಯೇ, ಹಸಿರು ಹೊಳಪು ಕಿರಿದಾಗಿದೆಯೇ ನೋಡಿ ಹನಿಗಳ ನಡುವಿನ ಅಂತರ ಹೆಚ್ಚಿಸುತ್ತಾರೆ.

ಗುಣವಾದರೂ ಹಲವರಲ್ಲಿ ಬಿಳಿ ಕಲೆ ಉಳಿಯುತ್ತದೆ. ಅದು ಕಣ್ಣಿನ ನಡುವೆ ಉಳಿದರೆ ಕಾರ್ನಿಯಾ ಕಸಿಯೇ ದಾರಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳ ಪದರ ಬಿಡಿಸಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು ನಾಲ್ವರಿಗೆ ದೃಷ್ಟಿ ಕೊಟ್ಟದ್ದು ಎಲ್ಲರಿಗೂ ಗೊತ್ತು.

ನೇಪಾಳದ ಭಕ್ತಪುರದ ಕೆಲಸ ಅಷ್ಟು ಗೊತ್ತಿಲ್ಲ. ಅಲ್ಲಿ ಗೀರು ಬಿದ್ದ, ಇನ್ನೂ ಸೋಂಕು ಕಾಣಿಸದ 442 ಮಂದಿಗೆ ಶೇ. 1ರ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಾಕಿದರು. 424 ಮಂದಿಗೆ ಸೋಂಕಿಲ್ಲದೆ ವಾಸಿಯಾಯಿತು. ಸೋಂಕಾದ 18 ಮಂದಿಯೂ ಪೆಟ್ಟಾಗಿ 18 ಗಂಟೆ ಕಳೆದ ಮೇಲೆ ಬಂದವರು. 2001ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮ ಸುಲಿಯುವ ಕಣಗಳಿಗೂ ನಾರಿನ ಕಾರ್ಖಾನೆಗಳಿಗೂ ಮುಟ್ಟಬೇಕೆಂಬುದು ನನ್ನ ಆಸೆ. ಗೀರು ಬಿದ್ದ ದಿನವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಬೇಕು. ನಂದಿಬಟ್ಟಲ ರಸ, ಹರಳೆಣ್ಣೆ, ಎದೆಹಾಲು ಬೇಡ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿಯಂತೂ ಬೇಡವೇ ಬೇಡ. ಬಿಳಿ ಮಚ್ಚೆ ಕಂಡಮೇಲೆ ಮುಲಾಮು ಸಾಲದು. ಅದುವರೆಗೆ ಹಾಕಿದ ಔಷಧದ ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು, ಅಂದೇ ತುಮಕೂರಿಗೋ ಬೆಂಗಳೂರಿನ ಮಿಂಟೋ ಆಸ್ಪತ್ರೆಗೋ ಹೊರಡಬೇಕು.